ತೆರೆದು ನೋಡಿ ಕಳಿಸಿದ ಕುಕ್ಕರು

ತೆರೆಯದ ಡಬ್ಬಿಯನ್ನು ಹೊತ್ತುಕೊಂಡು ಗಿರಾಕಿಯೊಬ್ಬರು ನಮ್ಮ ಅಂಗಡಿಯಿಂದ ಹೊರಗೆ ಹೋದದ್ದನ್ನು ನಲವತ್ತೊಂದು ವರ್ಷಗಳಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ. ಜಕಾರ್ತದಿಂದ ದೂರದ ನಮ್ಮ ಸೊಲೊ ಊರಿನಲ್ಲಿ ಅದು ಪದ್ಧತಿಯೇ ಅಲ್ಲ. ಬಲ್ಬು ಕೊಂಡರೂ ಸರಿ, ಬಟ್ಟೆ ಒಗೆಯುವ ಮೆಷಿನ್ನು ಕೊಂಡರೂ ಸರಿ, ಡಬ್ಬಿಯನ್ನು ಕೊಳ್ಳುವವರ ಎದುರಿಗೇ ಬಿಚ್ಚಬೇಕು, ಪ್ಲಗ್ಗು ಚುಚ್ಚಬೇಕು, ಅದು ಉರಿಯಬೇಕು ಇಲ್ಲವೆ ತಿರುಗಬೇಕು, ಅವರು ತಲೆಯಾಡಿಸಬೇಕು. ಆಮೇಲೆ ಮತ್ತೆ ತುಂಬಿ, ಟೇಪು ಹಚ್ಚಿ, ಪ್ಲಾಸ್ಟಿಕ್ ದಾರ ಕಟ್ಟಿ ಕೊಡಬೇಕು. ಅದಕ್ಕೆಂದೇ ಅಂಗಡಿಯ ನಡುವೆ ಒಂದು ಮೇಜಿದೆ. ಆ ಮೇಜಿನ ಹಿಂದೆ ಕೂತವನು ನಾನು. ಮೂರನೆಯ ತರಗತಿಗೆ ಶಾಲೆ ಬಿಟ್ಟವನಿಗೆ ಅದಕ್ಕಿಂತ ದೊಡ್ಡ ಕುರ್ಚಿ ಬೇಕೆನಿಸಲೂ ಇಲ್ಲ.

ಅಂಗಡಿಯ ಯಜಮಾನರು ಪಾಕ್ ಕಾರ್ಸೊನೊ. ನಮ್ಮಲ್ಲಿ ಗೌರವಕ್ಕೆ ಗಂಡಸರಿಗೆ ‘ಪಾಕ್’, ಹೆಂಗಸರಿಗೆ ‘ಬು’ ಎನ್ನುತ್ತಾರೆ. ಅವರು ಬುದ್ಧಿ ಇಲ್ಲದವರಲ್ಲ. ಬುದ್ಧಿ ಬರುವ ಹೊತ್ತಿಗೆ ಅವರು ಬೇರೆ ಕೆಲಸದಲ್ಲಿರುತ್ತಾರೆ, ಅಷ್ಟೆ. ಅಂಗಡಿಯ ನೆತ್ತಿಯ ಮೇಲೆ ‘ಅಧಿಕೃತ ಮಾರಾಟಗಾರರು’ ಎಂಬ ತಗಡಿನ ಬೋರ್ಡಿದೆ. ಅವರ ತಂದೆ ತೂಗುಹಾಕಿದ್ದು. ಪ್ರತಿ ಶುಕ್ರವಾರ ಪಾಕ್ ಕಾರ್ಸೊನೊ ಏಣಿ ಹತ್ತಿ ಅದನ್ನು ಸಾಬೂನು ಹಚ್ಚಿ ತೊಳೆಯುತ್ತಿದ್ದರು. ತಮ್ಮ ಮೋಟರ್ ಸೈಕಲ್ಲನ್ನು ತೊಳೆದದ್ದನ್ನು ನಾನು ನೋಡಿಲ್ಲ.

ಈದ್ ಹಬ್ಬಕ್ಕೆ ಮೂರು ತಿಂಗಳಿರುವಾಗ ಜಕಾರ್ತದ ಕಂಪನಿಯಿಂದ ಕಾಗದ ಬಂತು. ಇನ್ನು ಮೇಲೆ ಬೋರ್ಡು ಬೇಕೆನ್ನುವವರು ಆನ್‌ಲೈನ್ ಅಂಗಡಿ ತೆರೆಯಬೇಕು, ಹಬ್ಬಕ್ಕೆ ಎರಡು ದಿನ ಮೊದಲು ಮಧ್ಯಾಹ್ನ ಹನ್ನೆರಡಕ್ಕೆ ಆ ಅಂಗಡಿಗೆ ಗಿರಾಕಿಗಳು ಕೊಟ್ಟ ಸ್ಟಾರು ಸರಾಸರಿ ನಾಲ್ಕಕ್ಕಿಂತ ಕೆಳಗೆ ಇಳಿಯದಂತೆ ಇರಬೇಕು. ಇಲ್ಲದಿದ್ದರೆ ಬೋರ್ಡು ಎದುರಿನ ಅಂಗಡಿಗೆ. ಎದುರಿನ ಅಂಗಡಿ ಗುನಾದಿಯದು. ಗುನಾದಿ ಯಜಮಾನರ ಹೆಂಡತಿಯ ತಮ್ಮ. ಕಾಗದ ಬಂದ ಅರ್ಧ ಗಂಟೆಯಲ್ಲಿ ಆತ ಅಳತೆ ಟೇಪು ಹಿಡಿದು ರಸ್ತೆ ದಾಟಿ ಬಂದ.

“ಏನಿಲ್ಲ ಭಾವ, ಸುಮ್ನೆ ಬೋರ್ಡಿನ ಅಗಲ ನೋಡ್ಕೊಂಡು ಹೋಗೋಣ ಅಂತ.”

“ನೋಡ್ಕೊಳಯ್ಯ. ನೋಡೋದಕ್ಕೇನು ಕಾಸು ಕೊಡ್ಬೇಕಾ?” ಎಂದರು ಪಾಕ್ ಕಾರ್ಸೊನೊ, ಮತ್ತು ಟೇಪಿನ ಇನ್ನೊಂದು ತುದಿಯನ್ನು ತಾವೇ ಹಿಡಿದುಕೊಂಡರು. ಆ ಅಳತೆ ಯಾತಕ್ಕೆಂಬುದು ಅವರಿಗೆ ಆತ ಹೋದ ಮೇಲೆ ಹೊಳೆಯಿತು.

ಆನ್‌ಲೈನ್ ಅಂಗಡಿ ಮಾಡಿಕೊಡಲು ಬಂದವಳು ಯಜಮಾನರ ತಮ್ಮನ ಮಗಳು ದ್ಯಾಹ್. ಇಂಥದ್ದನ್ನೇ ಓದಿದವಳು. ಗಿರಾಕಿಗೆ ಕಷ್ಟವಾಗಬಾರದು, ಮೂರು ಸಲ ಒತ್ತಿದರೆ ಸಾಮಾನು ಕೈಗೆ ಬರಬೇಕು ಎಂಬುದು ಅವಳ ಲೆಕ್ಕ. ಒಂದು ವಾರ ಕೂತು ಮಾಡಿ ತೋರಿಸಿದಳು. ಸಾಲಾಗಿ ಫ್ಯಾನು, ಅನ್ನ ಮಾಡುವ ಕರೆಂಟಿನ ಕುಕ್ಕರು, ಮಿಕ್ಸಿ, ಕೆಳಗೆ ಬೆಲೆ, ಬೆಲೆಯ ಕೆಳಗೆ ಒತ್ತುವ ಜಾಗ. ನನಗಂತೂ ಚೆನ್ನಾಗಿಯೇ ಕಂಡಿತು. ಪಾಕ್ ಕಾರ್ಸೊನೊ ಕನ್ನಡಕ ಏರಿಸಿ ಪರದೆಯ ಮೂಲೆ ಮೂಲೆ ಹುಡುಕಿದರು.

“ಕುರ್ಚಿ ಎಲ್ಲಮ್ಮ?”

“ಯಾವ ಕುರ್ಚಿ ದೊಡ್ಡಪ್ಪ?”

“ಬಂದೋರು ಎಲ್ಲಿ ಕೂತ್ಕೋಬೇಕು? ಬಂದ ತಕ್ಷಣ ಬೆಲೆ ಮುಖಕ್ಕೆ ಹಿಡಿಯೋದಾ? ಅವರ ಊರು ಯಾವುದು, ಉಂಡಿದಾರಾ, ಒಂದು ಮಾತಾದ್ರೂ ಬೇಡ್ವಾ?”

“ಮನೇಲಿ ಕೂತೇ ಇರ್ತಾರೆ ದೊಡ್ಡಪ್ಪ. ಬಸ್ಸಲ್ಲಿದ್ರೆ ನಿಂತಿರ್ತಾರೆ. ನಾವೇನ್ ಮಾಡೋಕಾಗುತ್ತೆ?”

“ಕುರ್ಚಿ ಹಾಕಕ್ಕಾಗುತ್ತೆ,” ಎಂದರು ಪಾಕ್ ಕಾರ್ಸೊನೊ.

ಹಾಗಾಗಿ ಮೊದಲನೆಯ ಪುಟದಲ್ಲಿ ಒಂದು ಬೆತ್ತದ ಕುರ್ಚಿ, ಪಕ್ಕದಲ್ಲಿ ಒಂದು ಲೋಟ ಮಲ್ಲಿಗೆ ಚಹಾದ ಚಿತ್ರ ಬಂದವು. ‘ದಯಮಾಡಿ ಕೂತುಕೊಳ್ಳಿ. ಊಟವಾಯಿತೆ?’ ಎಂದು ಅಂಗಡಿ ಕೇಳುತ್ತಿತ್ತು. ಆಯಿತು ಎಂದವರು ಒಳಗೆ ಹೋಗಬಹುದು. ಇಲ್ಲ ಎಂದವರಿಗೆ ‘ಅಯ್ಯೋ, ಮೊದಲು ಊಟ ಮಾಡಿಕೊಂಡು ಬನ್ನಿ’ ಎಂದು ಬಾಗಿಲು ಮುಚ್ಚುತ್ತಿತ್ತು. ಮೊದಲ ವಾರದಲ್ಲಿ ಊಟಕ್ಕೆ ಹೋದ ಅರವತ್ತೆರಡು ಜನ ವಾಪಸು ಬರಲಿಲ್ಲ. “ಗಡದ್ದಾಗಿ ಉಂಡು ಮಲಗಿರ್ಬೇಕು,” ಎಂದು ಯಜಮಾನರಿಗೆ ಸಮಾಧಾನವೇ ಆಯಿತು. ಆ ಬಾಗಿಲನ್ನು ದ್ಯಾಹ್ ಅವರಿಗೆ ತಿಳಿಯದ ಹಾಗೆ ತೆಗೆದುಹಾಕಿದಳು. ಕುರ್ಚಿಯನ್ನು ತೆಗೆಯುವ ಧೈರ್ಯ ಅವಳಿಗೂ ಬರಲಿಲ್ಲ.

ಊಟವಾಯಿತು ಎಂದು ಒಳಗೆ ಬಂದ ಮೊದಲ ಗಿರಾಕಿ ಜಕಾರ್ತದವನು. ಒಂದು ಮೇಜಿನ ಫ್ಯಾನು ತರಿಸಿಕೊಂಡ. ನಾನು ಎಂದಿನಂತೆ ಡಬ್ಬಿ ಬಿಚ್ಚಿ, ಓಡಿಸಿ, ಮತ್ತೆ ತುಂಬಿ, ಟೇಪು ಹಚ್ಚಿ ಕಳಿಸಿದೆ. ನಾಲ್ಕನೆಯ ದಿನ ಅವನ ಮಾತು ಅಂಗಡಿಯ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಬಂತು: ‘ಡಬ್ಬಿ ಮೊದಲೇ ಬಿಚ್ಚಿದ್ದಾರೆ. ಹಳೆ ಮಾಲು.’ ಒಂದು ಸ್ಟಾರು.

ದ್ಯಾಹ್ ತಲೆ ಹಿಡಿದುಕೊಂಡಳು. “ದೊಡ್ಡಪ್ಪ, ಹೊರಗಿನೋರು ಸೀಲ್ ಒಡೆದಿದ್ರೆ ಸೆಕೆಂಡ್ ಹ್ಯಾಂಡ್ ಅಂತಾರೆ. ಬಿಚ್ಚದೇ ಕಳಿಸಿ.”

“ಬಿಚ್ಚದೇನಾ?” ಪಾಕ್ ಕಾರ್ಸೊನೊ ಅವಳನ್ನು ನೋಡಿದ ರೀತಿ ನೋಡಿದರೆ, ಆಕೆ ಗಿರಾಕಿಯ ಜೇಬು ಕತ್ತರಿಸಲು ಹೇಳಿದ್ದಳೆಂದು ಯಾರಾದರೂ ಅಂದುಕೊಳ್ಳಬೇಕು. “ಪಾಪ, ಅವನಿಗೆ ನಾವು ನೋಡೇ ಕಳಿಸಿದ್ದು ಅಂತ ಗೊತ್ತಾಗಿಲ್ಲ. ತಪ್ಪು ನಮ್ದೇ. ಸರ್ದಿಯಣ್ಣ, ನೀನು ಎಷ್ಟು ಹೊತ್ತು ಓಡಿಸ್ದೆ?”

“ಎರಡು ನಿಮಿಷ,” ಎಂದೆ.

“ಅದಕ್ಕೇ ಮತ್ತೆ!”

ಅಂದಿನಿಂದ ಪ್ರತಿ ಡಬ್ಬಿಯೊಳಗೆ ಯಜಮಾನರ ಸ್ವಂತ ಕೈಬರಹದ ಪತ್ರ ಹೋಗತೊಡಗಿತು. ‘ತಮ್ಮ ಈ ಫ್ಯಾನನ್ನು ನಾನು ಸ್ವತಃ ಮಧ್ಯಾಹ್ನ ಎರಡು ಗಂಟೆ ಓಡಿಸಿ ಅದರೆದುರು ಮಲಗಿ ನೋಡಿದ್ದೇನೆ. ಒಳ್ಳೆ ನಿದ್ದೆ ಬಂತು.’ ಬಾಂಡುಂಗ್ ಊರಿನ ಗಿರಾಕಿಯಿಂದ ಉತ್ತರ ಬಂತು: ‘ಅಂಗಡಿಯವನು ಇದರ ಗಾಳಿಯಲ್ಲಿ ಮಲಗಿ ಎದ್ದು ಆಮೇಲೆ ನನಗೆ ಮಾರಿದ್ದಾನೆ. ಅವನೇ ಬರೆದುಕೊಟ್ಟಿದ್ದಾನೆ.’ ಒಂದು ಸ್ಟಾರು.

“ಇವನಿಗೂ ನಂಬಿಕೆ ಬಂದಿಲ್ಲ,” ಎಂದರು ಪಾಕ್ ಕಾರ್ಸೊನೊ. “ಸಾಕ್ಷಿ ಬೇಕು.”

ಸಾಕ್ಷಿಗೆ ಸಿಕ್ಕವರು ಬು ಪೈನೆಮ್. ಪಕ್ಕದಲ್ಲೇ ಅವರ ಅನ್ನದ ಅಂಗಡಿ. ಜೊತೆಗೆ ಅವರು ನಮ್ಮ ಬೀದಿಯ ಮುಖ್ಯಸ್ಥೆ. ಬೀದಿಯಲ್ಲಿ ಯಾರಿಗೆ ಕೆಲಸ ಸಿಗಬೇಕಾದರೂ, ಮದುವೆಯಾಗಬೇಕಾದರೂ, ‘ಇವರು ಸದ್ವರ್ತನೆಯವರು’ ಎಂದು ಬು ಪೈನೆಮ್ ಬರೆದು ಮೊಹರು ಒತ್ತಬೇಕು. ಮೊಹರು ಯಾವಾಗಲೂ ಅವರ ಸೊಂಟದಲ್ಲೇ ಇರುತ್ತದೆ.

“ಕುಕ್ಕರಿಗೆ ಸದ್ವರ್ತನೆ ಪತ್ರ ಕೊಡ್ಬೇಕಾ?” ಎಂದು ಅವರು ಯೋಚಿಸಿದರು. “ಕೊಡೋಣ ಪಾಕ್. ಆದ್ರೆ ನೋಡದೆ ಒತ್ತೋಳಲ್ಲ ನಾನು. ಅನ್ನ ಮಾಡಿ ನೋಡ್ಬೇಕು.”

ಮಾಡಿ ನೋಡಿದರು. ಬರೀ ಅನ್ನವಲ್ಲ, ತೆಂಗಿನಹಾಲು, ಕೋಳಿ, ಪಲಾವಿನ ಎಲೆ ಹಾಕಿ ನಮ್ಮೂರಿನ ಲಿವೆತ್. ಬೀದಿಯೆಲ್ಲ ಬಾಳೆಲೆ ಹಿಡಿದು ಬಂತು. ಉಂಡ ಮೇಲೆ ಹನ್ನೆರಡು ಜನ ಸಹಿ ಹಾಕಿದರು, ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು. ಕೆಳಗೆ ಮೊಹರು: ‘ಈ ಕುಕ್ಕರು ನಮ್ಮ ಬೀದಿಯಲ್ಲಿ ಎಲ್ಲರಿಗೂ ಪರಿಚಿತವಾದದ್ದು. ಇದರ ವರ್ತನೆ ಉತ್ತಮವಾಗಿದೆ.’ ನಾನು ಕುಕ್ಕರನ್ನು ಚೆನ್ನಾಗಿ ತೊಳೆದೇ ಕಳಿಸಿದೆ. ಆದರೂ ಮುಚ್ಚಳದ ರಬ್ಬರಿನ ಸಂದಿಯಲ್ಲಿ ಒಂದು ಅಗುಳು ಉಳಿದಿತ್ತಂತೆ. ಅದನ್ನು ತರಿಸಿಕೊಂಡ ಮೇದಾನ್ ಊರಿನ ಹೆಂಗಸು ಅಗುಳಿನ ಫೋಟೋ ತೆಗೆದು ಹಾಕಿದಳು. ಅಷ್ಟು ದೊಡ್ಡ ಅಗುಳನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಇಷ್ಟಾದ ಮೇಲೆ ಬೇರೆಯವರಾದರೆ ನಿಲ್ಲಿಸುತ್ತಿದ್ದರು. ಆದರೆ ಬೀದಿಗೆ ಈಗ ರುಚಿ ಹತ್ತಿತ್ತು. ಇಸ್ತ್ರಿಪೆಟ್ಟಿಗೆ ಹೊರಡುತ್ತದೆ ಎಂದು ತಿಳಿದರೆ ಸಾಕು, ಅಂಗಿಗಳ ಗಂಟು ಬಂದು ಬೀಳುತ್ತಿತ್ತು. ಮಿಕ್ಸಿಯಲ್ಲಿ ಮೆಣಸಿನಕಾಯಿ ಸಂಬಾಲ್ ಚಟ್ನಿ ಅರೆದು ಪರೀಕ್ಷಿಸಿದರು. ಅದರಲ್ಲಿ ಮಗುವಿಗೆ ಬಾಳೆಹಣ್ಣು ಅರೆದ ಸುರಬಾಯಾದ ತಾಯಿ ಬರೆದ ಮಾತುಗಳನ್ನು ದ್ಯಾಹ್ ನನಗೆ ಓದಿ ಹೇಳಲಿಲ್ಲ. ಪಾಕ್ ಕಾರ್ಸೊನೊ ಮಾತ್ರ ಪ್ರತಿಯೊಬ್ಬರಿಗೂ ಕೈಮುಗಿದು ಉತ್ತರ ಬರೆಸುತ್ತಿದ್ದರು: ‘ಮುಂದಿನ ಸಲ ಇನ್ನೂ ಹೆಚ್ಚು ಪರೀಕ್ಷಿಸುತ್ತೇವೆ.’

ಸ್ಟಾರು ಎರಡೂವರೆಗೆ ಇಳಿಯಿತು. ಅದೂ ನಮ್ಮ ಸುತ್ತಮುತ್ತಲಿನ ಊರುಗಳವರು ಐದೈದು ಕೊಟ್ಟಿದ್ದರಿಂದ ಉಳಿದದ್ದು. ಎದುರಿನಲ್ಲಿ ಗುನಾದಿಗೆ ಐದಕ್ಕೆ ಐದು. ಅವನ ಪರಿಚಯದವರು ಏನನ್ನೂ ಕೊಳ್ಳದೆ ಹೊಗಳಿ ಬರೆದಿದ್ದರು. ಸಾಮಾನು ಕೊಳ್ಳದವರು ಕೊಟ್ಟ ಸ್ಟಾರಿನಲ್ಲಿ ದೂರು ಬರುವುದಿಲ್ಲ, ಅದೊಂದು ಅನುಕೂಲ. ಕಂಪನಿಯವರು ಅವನಿಗೆ ಒಂದು ಗಡಿಯಾರ ಕಳಿಸಿದರು. ಅದು ಓಡುತ್ತಿರಲಿಲ್ಲ.

ಉಪವಾಸದ ತಿಂಗಳು ಶುರುವಾದ ನಾಲ್ಕನೆಯ ದಿನ, ಸಂಜೆ ನಾಲ್ಕಕ್ಕೆ, ಗ್ರಾಹಕರ ದೂರು ವಿಚಾರಿಸುವ ಕಚೇರಿಯಿಂದ ಪಾಕ್ ತ್ರಿಯೊನೊ ಬಂದರು. ಸಣ್ಣಗಿನ ಮನುಷ್ಯ, ಕಂಕುಳಲ್ಲಿ ಫೈಲು, ಉಪವಾಸದಿಂದ ಒಣಗಿದ ತುಟಿ. ಹಳೆಯ ಮಾಲನ್ನು ಹೊಸದೆಂದು ಮಾರುತ್ತಿದ್ದೀರಿ ಎಂದು ಹದಿನೇಳು ದೂರುಗಳಿದ್ದವು.

ಆ ಹೊತ್ತಿಗೆ ನನ್ನ ಮೇಜಿನ ಮೇಲೆ ಪೊಂಟಿಯಾನಾಕಿಗೆ ಹೋಗಬೇಕಾದ ಎರಡು ಕುಕ್ಕರುಗಳಲ್ಲಿ ಉಪವಾಸ ಬಿಡಲೆಂದು ಲಿವೆತ್ ಬೇಯುತ್ತಿತ್ತು. ಬಾಲಿಕ್‌ಪಾಪಾನಿಗೆ ಹೊರಟ ಇಸ್ತ್ರಿಪೆಟ್ಟಿಗೆಯಲ್ಲಿ ಬು ಪೈನೆಮ್ ಹಬ್ಬದ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಬಂಜರ್ಮಾಸಿನ್ನಿಗೆ ಹೊರಟ ಟಿವಿಯ ಮುಂದೆ ಎಂಟು ಜನ ಬ್ಯಾಡ್ಮಿಂಟನ್ ನೋಡುತ್ತಿದ್ದರು.

“ಇದೆಲ್ಲ ಮಾರಾಟದ ಸಾಮಾನಾ?” ಎಂದರು ಪಾಕ್ ತ್ರಿಯೊನೊ.

“ಮಾರಾಟ ಆಗೋಗಿರೋ ಸಾಮಾನು ಸಾರ್,” ಎಂದರು ಪಾಕ್ ಕಾರ್ಸೊನೊ ಹೆಮ್ಮೆಯಿಂದ.

“ಮತ್ತೆ ಬಳಸ್ತಾ ಇದೀರಲ್ರೀ!”

ಬು ಪೈನೆಮ್ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದರು. “ಯಾರು ಹೇಳಿದ್ದು ಬಳಸ್ತಿದೀವಿ ಅಂತ? ಈ ಬೀದೀಲಿ ಬೇರೆಯವರ ಸಾಮಾನು ಮುಟ್ಟೋರೇ ಇಲ್ಲ. ಟೆಸ್ಟ್ ಮಾಡ್ತಿದೀವಿ ಅಷ್ಟೆ.”

“ಟಿವಿ ಎಷ್ಟು ಹೊತ್ತಿಂದ ಟೆಸ್ಟ್ ಆಗ್ತಿದೆ?”

“ಮೂರು ದಿನ ಆಯ್ತು ಸಾರ್,” ಎಂದಿತು ಟಿವಿಯ ಮುಂದಿನಿಂದ ಒಂದು ದನಿ. “ಫೈನಲ್ ಇನ್ನೂ ಆಗಿಲ್ಲ.”

ಗುನಾದಿ ಎದುರಿನಿಂದ ಓಡಿ ಬಂದು ಪಾಕ್ ತ್ರಿಯೊನೊ ಅವರಿಗೆ ಕುರ್ಚಿ ಹಾಕಿದ. ಕುರ್ಚಿ ನಮ್ಮದೇ. “ನಮ್ಮ ಭಾವ ಒಳ್ಳೆಯೋರು ಸಾರ್, ಸ್ವಲ್ಪ ಹಳೇ ಕಾಲದೋರು. ನಮ್ಮಂಗಡೀಲಿ ಇಂಥದ್ದೆಲ್ಲ ಇಲ್ಲ. ಕಂಪನಿ ಸೀಲ್ ಹೇಗೆ ಬರುತ್ತೋ ಹಾಗೇ ಹೋಗುತ್ತೆ. ನಾವು ಉಗುರೂ ತಾಗ್ಸಲ್ಲ.”

“ಅದು ಕ್ರಮ,” ಎಂದರು ಪಾಕ್ ತ್ರಿಯೊನೊ.

ಸ್ಟಾಂಪು ಅಂಟಿಸಿದ ಕಾಗದದ ಮೇಲೆ ಮುಚ್ಚಳಿಕೆ ಬರೆಸಿದರು: ಇಂದಿನಿಂದ ಈ ಅಂಗಡಿಯಲ್ಲಿ ಯಾವ ಡಬ್ಬಿಯನ್ನೂ ಯಾವ ಕಾರಣಕ್ಕೂ ತೆರೆಯತಕ್ಕದ್ದಲ್ಲ. ಪಾಕ್ ಕಾರ್ಸೊನೊ ಬಹಳ ಹೊತ್ತು ಪೆನ್ನು ಹಿಡಿದು ಕೂತರು. ಒಮ್ಮೆ ಮೇಲಕ್ಕೆ, ಬೋರ್ಡಿದ್ದ ಕಡೆ ನೋಡಿದರು. ಒಳಗಿನಿಂದ ಅದು ಕಾಣುವುದಿಲ್ಲ. ಸಹಿ ಹಾಕಿದರು. ಆಮೇಲೆ ಎದ್ದು ಹೋಗಿ ಒಂದು ಹಾಸಿಗೆ ಬಟ್ಟೆ ತಂದು, ಕುಕ್ಕರುಗಳನ್ನು ಕೆಳಗಿಳಿಸಿ, ನನ್ನ ಮೇಜಿಗೆ ಹೊದಿಸಿದರು. ಹೊದಿಸಿದ ಮೇಜಿನ ಹಿಂದೆ ನಾನು ಕೂತೇ ಇದ್ದೆ. ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳಿರಲಿಲ್ಲ.

ಕಾಗದವನ್ನು ಫೈಲಿಗೆ ಸೇರಿಸಿದ ಮೇಲೂ ಪಾಕ್ ತ್ರಿಯೊನೊ ಏಳಲಿಲ್ಲ. ಲಿವೆತ್ತಿನ ಘಮ ಅಂಗಡಿಯಲ್ಲಿ ತುಂಬಿತ್ತು. ಅವರ ಹೊಟ್ಟೆ ಸರಕಾರಿ ಗುಟ್ಟೊಂದನ್ನು ಎಲ್ಲರಿಗೂ ಕೇಳುವಂತೆ ಹೇಳಿತು.

“ಅದಿರಲಿ,” ಎಂದು ಕೆಮ್ಮಿದರು. “ನಮ್ಮತ್ತೆ ವೊನೊಗಿರೀಲಿದಾರೆ. ಹಬ್ಬಕ್ಕೆ ಅವರಿಗೊಂದು ಕುಕ್ಕರು ಕಳಿಸ್ಬೇಕಿತ್ತು. ಬಂದಿದ್ದೀನಲ್ಲ ಹೇಗೂ...”

ಪಾಕ್ ಕಾರ್ಸೊನೊ ಒಂದು ಹೊಸ ಡಬ್ಬಿ ತಂದಿಟ್ಟರು. ಪಾಕ್ ತ್ರಿಯೊನೊ ಅದನ್ನು ತಿರುಗಿಸಿದರು, ಕಿವಿಯ ಹತ್ತಿರ ಅಲ್ಲಾಡಿಸಿದರು, ಕೆಳಗಿಟ್ಟರು.

“ಬಿಚ್ಚಿ.”

“ಬಿಚ್ಚೋ ಹಾಗಿಲ್ಲ ಸಾರ್.”

“ಬಿಚ್ಚದೇ ಹೇಗ್ರೀ ತಗೊಳ್ಳೋದು? ಒಳಗೆ ಏನಿದೆ ಅಂತ ಯಾರಿಗೆ ಗೊತ್ತು?”

“ಕಂಪನಿಗೆ ಗೊತ್ತು ಸಾರ್. ಇದು ಕ್ರಮ.”

“ನಾನು ಸೊಲೊದಲ್ಲೇ ಹುಟ್ಟಿದೋನು ಕಣ್ರೀ! ನಮ್ಮಪ್ಪ ಒಂದು ಬ್ಯಾಟರಿ ತಗೊಂಡ್ರೂ ಟಾರ್ಚಿಗೆ ಹಾಕ್ಸಿ ನೋಡ್ತಿದ್ರು!”

“ನಿಮ್ಮಪ್ಪ ಇದೇ ಮೇಜಲ್ಲಿ ನೋಡಿದ್ದು,” ಎಂದೆ ನಾನು. ಇಡೀ ಸಂಜೆ ನಾನು ಆಡಿದ ಮಾತು ಅದೊಂದೇ. ಅವರ ತಂದೆಗೆ ಎಡಗಣ್ಣಿನ ಕೆಳಗೆ ಒಂದು ಮಚ್ಚೆಯಿತ್ತು. ಟಾರ್ಚಿನ ಬೆಳಕನ್ನು ಅದರ ಮೇಲೇ ಬಿಟ್ಟುಕೊಂಡು ನೋಡುತ್ತಿದ್ದರು.

ಪಾಕ್ ತ್ರಿಯೊನೊ ಮುನಿಸಿಕೊಂಡು ಎದುರಿನ ಅಂಗಡಿಗೆ ಹೋದರು. ಗುನಾದಿ ಅಧಿಕಾರಿಗಳಿಗೆಂದರೆ ಏನನ್ನಾದರೂ ಬಿಚ್ಚುವವನು. ನಾವೆಲ್ಲ ಈಚೆಯಿಂದ ನೋಡುತ್ತಿದ್ದೆವು. ಮೊದಲ ಡಬ್ಬಿಯಲ್ಲಿ ಕುಕ್ಕರಿತ್ತು, ಒಳಗಿನ ಪಾತ್ರೆ ಇರಲಿಲ್ಲ. ಎರಡನೆಯದರಲ್ಲಿ ಕೆಂಪು ದೀಪ ಹತ್ತಿತು, ಬಿಸಿ ಹತ್ತಲಿಲ್ಲ. ಮೂರನೆಯದರಲ್ಲಿ ಇದ್ದದ್ದು ಇಸ್ತ್ರಿಪೆಟ್ಟಿಗೆ.

“ಆದ್ರೆ ಸೀಲ್ ಎಷ್ಟು ಗಟ್ಟಿಯಾಗಿತ್ತು ನೋಡಿದ್ರಾ ಸಾರ್!” ಎಂದ ಗುನಾದಿಯ ದನಿ ರಸ್ತೆಯ ಈಚೆಗೂ ಕೇಳಿತು.

ಪಾಕ್ ತ್ರಿಯೊನೊ ವಾಪಸು ಬಂದರು. ಫೈಲು ತೆರೆದು, ಮುಚ್ಚಳಿಕೆ ಹೊರತೆಗೆದು, ಕೊನೆಯ ಸಾಲಿನ ಕೆಳಗೆ ಸಣ್ಣಕ್ಷರದಲ್ಲಿ ಸೇರಿಸಿದರು: ‘ಕೊಳ್ಳುವವರ ಕಣ್ಣೆದುರಿಗಾದರೆ ತೆರೆಯಬಹುದು.’

“ಈಗ ಬಿಚ್ಚಿ.”

ಪಾಕ್ ಕಾರ್ಸೊನೊ ಕಾಗದವನ್ನು ಎರಡು ಸಲ ಓದಿದರು. ಜೀವಮಾನದಲ್ಲಿ ಮೊದಲ ಸಲ ಕಾನೂನು ಅವರ ಕೈಗೆ ಸಿಕ್ಕಿತ್ತು, ಸುಲಭಕ್ಕೆ ಬಿಡುವವರಲ್ಲ. “ಕೊಳ್ಳೋರು ನಿಮ್ಮತ್ತೆ. ಅವರ ಕಣ್ಣೆಲ್ಲಿದೆ ಸಾರ್?”

“ದುಡ್ಡು ಕೊಡೋನು ನಾನು!”

“ಅನ್ನ ಮಾಡೋರು ಅವರು.”

ಇಬ್ಬರೂ ಮುಖ ಊದಿಸಿಕೊಂಡು ನಿಂತರು. ಆಗ ದ್ಯಾಹ್ ಕೈ ಚಾಚಿದಳು. “ಸಾರ್, ಫೋನ್ ಕೊಡಿ ಇಲ್ಲಿ. ನಿಮ್ಮತ್ತೆಗೆ ವೀಡಿಯೋ ಕಾಲ್ ಹಾಕಿ.”

ಪರದೆಯ ಮೇಲೆ ಮೊದಲು ಒಂದು ಹಣೆ ಬಂತು, ಆಮೇಲೆ ಒಂದು ಕಣ್ಣು. ಅದು ಬು ಕಾತ್ಮಿ, ಅಧಿಕಾರಿಗಳ ಅತ್ತೆ.

“ಯಾಕೋ ತ್ರಿಯೊನೊ, ಇಷ್ಟು ಸಣ್ಣಗಾಗಿದ್ದೀಯ? ನನ್ನ ಮಗಳು ಅಡುಗೆ ಮಾಡಲ್ವಾ? ಇದ್ಯಾವ ಸಂತೆ? ಯಾರದು ಮೇಜಿನ ಹಿಂದೆ ಮುದುಕ? ಸ್ವಲ್ಪ ಆ ಕಡೆ ಸರಿಯಪ್ಪ, ಬೆಳಕು ಬೀಳ್ಲಿ.”

ನಾನು ಹೊದಿಕೆ ಎಳೆದು, ಡಬ್ಬಿಯನ್ನು ಮೇಜಿಗೇರಿಸಿ, ಟೇಪು ಕತ್ತರಿಸಿದೆ. ಕುಕ್ಕರು ತೆಗೆದೆ. ತಳ ತೋರಿಸು ಎಂದರು, ತೋರಿಸಿದೆ. ವೈರು ಎಳೆದು ಅಳತೆ ತೋರಿಸು ಎಂದರು, ತೋರಿಸಿದೆ. ನೀರು ಹಾಕಿ ಕುದಿಸು, ಕುದಿಯೋ ತನಕ ನಾನು ನೋಡ್ತೀನಿ ಎಂದರು. ಇಪ್ಪತ್ತು ನಿಮಿಷ ಪಾಕ್ ತ್ರಿಯೊನೊ ಫೋನು ಹಿಡಿದು ನಿಂತರು; ಬಲಗೈ ಸೋತಾಗ ಎಡಗೈ, ಎಡಗೈ ಸೋತಾಗ ಬು ಪೈನೆಮ್. ಆ ಇಪ್ಪತ್ತು ನಿಮಿಷದಲ್ಲಿ ಬು ಕಾತ್ಮಿ ಪಾಕ್ ಕಾರ್ಸೊನೊ ಅವರ ಊರು, ಮಕ್ಕಳು, ಮೊಣಕಾಲು ನೋವು ಎಲ್ಲ ವಿಚಾರಿಸಿಕೊಂಡರು.

“ಬರೀ ನೀರಾಯ್ತು,” ಎಂದರು ಸಂತೋಷ ತಡೆಯಲಾರದೆ ಪಾಕ್ ಕಾರ್ಸೊನೊ. “ಒಂದು ಲೋಟ ಅಕ್ಕಿ ಹಾಕೋಣ್ವಾ?”

“ಬೇಡ!” ಎಂದು ದ್ಯಾಹ್, ಪಾಕ್ ತ್ರಿಯೊನೊ, ಬು ಪೈನೆಮ್ ಮೂವರೂ ಒಟ್ಟಿಗೆ ಕೂಗಿದರು.

ನೀರು ಕುದಿಯಿತು. ಬು ಕಾತ್ಮಿ ತಲೆಯಾಡಿಸಿದರು. ಅಂಗಡಿಯ ಪುಟದಲ್ಲೇ ದ್ಯಾಹ್ ಆ ಅಜ್ಜಿಯ ಹೆಸರಿಗೆ ಮಾರಾಟ ಬರೆದಳು. ಸ್ಟಾರು ಕೊಡಿ ಅಜ್ಜಿ ಎಂದಳು.

“ಇವಾಗಲೇನಾ? ಮೂರು ವಾರ ಬಳಸಿ ನೋಡದೆ ಮಾತು ಹೇಗೆ ಹೇಳ್ಲಿ?” ಎಂದು ಅವರು ಫೋನಿಟ್ಟರು. ಇಂಥ ಗಿರಾಕಿಗಳನ್ನು ಕಂಡರೆ ನನಗೆ ಗೌರವ.

ಮಾರನೆಯ ದಿನ ದ್ಯಾಹ್ ಪತ್ರ, ಮೊಹರು, ಲಿವೆತ್ ಎಲ್ಲವನ್ನೂ ನಿಲ್ಲಿಸಿದಳು. ಪುಟದಲ್ಲಿ ಎರಡು ಒತ್ತುವ ಜಾಗ ಮಾಡಿದಳು: ‘ಸೀಲು ಹಾಗೇ ಇರಲಿ’, ‘ನನ್ನ ಕಣ್ಣೆದುರು ಬಿಚ್ಚಿ’. ಎರಡನೆಯದನ್ನು ಒತ್ತಿದವರಿಗೆ ವೀಡಿಯೋದಲ್ಲಿ ನನ್ನ ಮೇಜು ಕಾಣುತ್ತದೆ. ಜಕಾರ್ತದವರು ಮೊದಲನೆಯದನ್ನೇ ಒತ್ತುತ್ತಾರೆ ಎಂದುಕೊಂಡಿದ್ದಳು. ಆದರೆ ಗುನಾದಿಯಿಂದ ಪಾತ್ರೆಯಿಲ್ಲದ ಕುಕ್ಕರು ತರಿಸಿಕೊಂಡವರು ಅಲ್ಲಿಯೂ ಇದ್ದರು. ಮೂರು ವಾರ ನಾನು ಬೆಳಗಿನಿಂದ ಸಂಜೆಯವರೆಗೆ ಅಪರಿಚಿತರ ಹಣೆಗಳಿಗೆ ಫ್ಯಾನು ತಿರುಗಿಸಿ ತೋರಿಸಿದೆ. ಪಾಕ್ ಕಾರ್ಸೊನೊ ಪಕ್ಕದಲ್ಲಿ ಕೂತು ಊರು ಕೇಳಿದರು. ಸ್ಟಾರು ಮೂರು ದಾಟಿತು, ಮೂರೂವರೆ ದಾಟಿತು.

ಗಡುವಿನ ದಿನ ಬೆಳಗ್ಗೆ ಹನ್ನೊಂದೂವರೆಗೆ ಅದು ಸರಿಯಾಗಿ ನಾಲ್ಕಕ್ಕೆ ಬಂದು ನಿಂತಿತು. ಕೂದಲಿನಷ್ಟೂ ಹೆಚ್ಚಿಲ್ಲ. ಸ್ಟಾರು ಕೊಡದೆ ಉಳಿದ ಗಿರಾಕಿ ಒಬ್ಬರೇ: ಬು ಕಾತ್ಮಿ. ಅವರು ಮೂರು ಕೊಟ್ಟರೆ ಬೋರ್ಡು ಹೋಯಿತು. ಗುನಾದಿ ಏಣಿ ತಂದು ನಮ್ಮ ಗೋಡೆಗೇ ಒರಗಿಸಿ ಕಾಯುತ್ತಿದ್ದ. ಪಾಕ್ ತ್ರಿಯೊನೊ ಕಚೇರಿಗೆ ರಜೆ ಹಾಕಿ ಬಂದಿದ್ದರು.

“ಅತ್ತೆಗೆ ಒಂದು ಫೋನ್ ಮಾಡಿ ಸಾರ್,” ಎಂದರು ಬು ಪೈನೆಮ್. “ಐದು ಹಾಕಿ ಅಂತ ಹೇಳಿ.”

“ಹೇಳಿದ್ರೆ ಎರಡು ಹಾಕ್ತಾರೆ,” ಎಂದರು ಪಾಕ್ ತ್ರಿಯೊನೊ. ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು ಅವರಿಗೆ.

ಹನ್ನೆರಡಕ್ಕೆ ಎಂಟು ನಿಮಿಷವಿರುವಾಗ ದ್ಯಾಹ್‌ಳ ಫೋನು ಟಿಂಗ್ ಎಂದಿತು. ಗುನಾದಿ ಏಣಿಯ ಎರಡನೆಯ ಮೆಟ್ಟಿಲಲ್ಲಿ ನಿಂತ. ಅವಳು ಗಟ್ಟಿಯಾಗಿ ಓದಿದಳು:

“‘ಕುಕ್ಕರು ಚೆನ್ನಾಗಿದೆ. ಮೂರು ವಾರ ಪೂರ್ತಿ ನೋಡಿದೆ. ಮೇಜಿನ ಮುದುಕ ನಿಧಾನಸ್ಥ. ಆದರೆ ಇದೇ ಅಂಗಡಿಯವರು ಮೇದಾನಿನ ಹೆಂಗಸಿಗೆ ಕೋಳಿ ಹಾಕಿ ಅನ್ನ ಮಾಡಿ ಪರೀಕ್ಷಿಸಿದ್ದಾರೆ ಎಂದು ಇಲ್ಲಿ ಓದಿದೆ. ನನ್ನದರಲ್ಲಿ ಬರೀ ನೀರು ಕುದಿಸಿದರು. ಅದಕ್ಕೆ ಒಂದು ಸ್ಟಾರು ಕಡಿಮೆ.’”

“ಎಷ್ಟು?” ಎಂದ ಗುನಾದಿ ಏಣಿಯಿಂದಲೇ.

“ನಾಲ್ಕು.”

ಬೀದಿ ಹೋ ಎಂದಿತು. ಬು ಪೈನೆಮ್ ಉತ್ಸಾಹದಲ್ಲಿ ಪಾಕ್ ತ್ರಿಯೊನೊ ಅವರ ಫೈಲಿನ ಮೇಲೆ ಮೊಹರು ಒತ್ತಿಬಿಟ್ಟರು. ಗುನಾದಿ ಇಳಿದು ಏಣಿಯನ್ನು ಹೆಗಲಿಗೇರಿಸಿಕೊಂಡು ರಸ್ತೆ ದಾಟಿದ. ಬೋರ್ಡು ಇದ್ದಲ್ಲೇ ಇತ್ತು.

ಪಾಕ್ ಕಾರ್ಸೊನೊ ಮಾತ್ರ ನಗಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ಅಂಗಡಿಯ ನಡುವೆ ನಿಂತು ನಮ್ಮೊಬ್ಬೊಬ್ಬರನ್ನೂ ನೋಡಿದರು.

“ನಾನು ಅವತ್ತೇ ಹೇಳ್ದೆ, ಒಂದು ಲೋಟ ಅಕ್ಕಿ ಹಾಕೋಣ ಅಂತ. ಯಾರು ಕೇಳಿದ್ರಿ?”